ಪೂಜೆ ಕಂಡ ಕೋವಿ, ಆರೈಕೆ ಕಾಣದ ನಳಿಗೆ

ಮಿಲಿಟರಿ ರೈಫಲ್ಲಿಗೆ ಸಾವಿಲ್ಲ ಎಂಬ ಮಾತು ನಮ್ಮ ಸೀಮೆಯಲ್ಲಿ ಬಹಳ ಕಾಲದಿಂದ ಓಡಾಡುತ್ತಿದೆ. ಅದನ್ನು ಒರೆಗೆ ಹಚ್ಚುವ ಗೋಜಿಗೆ ಯಾರೂ ಹೋದಂತಿಲ್ಲ. ನಂಜನಗೂಡು ತಾಲ್ಲೂಕಿನ ಹೆಡಿಯಾಲದ ಕಡೆ ಬಂಡೀಪುರದ ಕಾಡಂಚಿನಲ್ಲಿ, ತಿ. ನರಸೀಪುರದ ಹೊಳೆಸಾಲಿನ ಹಳೆಯ ಜಮೀನುದಾರರ ಮನೆಗಳಲ್ಲಿ, ಇವತ್ತಿಗೂ ಅಲ್ಲೊಂದು ಇಲ್ಲೊಂದು ಲೈಸೆನ್ಸ್ ಇರುವ ರೈಫಲ್ ಸಿಗುತ್ತದೆ. ತೋರಿಸುವವರು ಹೇಳುವುದು ಒಂದೇ: "ತಾತನ ಕಾಲದ್ದು, ಮಿಲಿಟರಿ ಮಾಲು, ಇದಕ್ಕೇನೂ ಆಗಲ್ಲ." ಆಗುತ್ತದೆ. ಆಗಿಯೂ ಇದೆ. ಈ ಕೋವಿಗೆ ನಾವು ಕೊಟ್ಟಿರುವ ಕೀರ್ತಿಯ ದೊಡ್ಡ ಪಾಲು ಅದನ್ನು ಒರೆಸಿ, ಒಣಗಿಸಿ, ಎಣ್ಣೆ ಹಚ್ಚಿಟ್ಟ ಸಿಪಾಯಿಗೆ ಸಲ್ಲಬೇಕಾದದ್ದು.

ಬ್ರಿಟಿಷ್ ಸೈನ್ಯದ ಲೀ-ಎನ್‌ಫೀಲ್ಡ್ ರೈಫಲ್ ವಂಶದ ಕಥೆ ಎಲ್ಲರಿಗೂ ಗೊತ್ತು: ಎರಡು ಮಹಾಯುದ್ಧಗಳು, 1962ರ ಹಿಮದ ಗಡಿ, ಆಮೇಲೆ ದಶಕಗಳ ಕಾಲ ಪೊಲೀಸರ ಹೆಗಲು. ಉತ್ತರ ಪ್ರದೇಶದ ಪೊಲೀಸರು ಆ ವಂಶದ .303ಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು. ಆದರೆ ನಮ್ಮ ಮನೆಗಳಲ್ಲಿರುವುದು .303 ಅಲ್ಲ. ಅದು ನಿಷೇಧಿತ ಬೋರ್, ಸಾಮಾನ್ಯ ನಾಗರಿಕನಿಗೆ ಸಿಗುವುದಿಲ್ಲ. ಸೈನ್ಯದ ತೋಟಾ ಜನರ ಕೋವಿಗೆ ಹೊಂದಬಾರದೆಂದು ಬ್ರಿಟಿಷರು ಹೂಡಿದ ಉಪಾಯದ ಕೂಸು ನಮ್ಮ .315. ತೋಟಾ ಆಸ್ಟ್ರಿಯಾದ ಹಳೆಯ ಮ್ಯಾನ್ಲಿಕರ್ ಅಳತೆಯದು; ಬೋಲ್ಟು ಮತ್ತು ಅದು ಕೂರುವ ಚೌಕಟ್ಟು ಲೀ-ಎನ್‌ಫೀಲ್ಡಿನದು. ಪಶ್ಚಿಮ ಬಂಗಾಳದ ಇಷಾಪುರದ ಸರ್ಕಾರಿ ಕಾರ್ಖಾನೆ ಇದನ್ನು ದಶಕಗಟ್ಟಲೆ ಮಾಡಿ ಮಾರಿದೆ. ಮಿಲಿಟರಿ ಎಂಬ ಹೆಸರು ಬಂದದ್ದು ಈ ದಾರಿಯಲ್ಲಿ.

ಗುಣಗಳನ್ನೂ ಹೇಳಿಬಿಡುತ್ತೇನೆ. ಬೋಲ್ಟು ನುಣ್ಣಗೆ, ಬೇಗ ಓಡುತ್ತದೆ. ಧೂಳಿಗೆ ಹೆದರುವುದಿಲ್ಲ. ಬಿಚ್ಚಿ ಜೋಡಿಸುವುದು ಸುಲಭ. ಇಷ್ಟು ನಿಜ.

ಇನ್ನು ನಳಿಗೆಯ ಒಳಗೆ ನೋಡೋಣ. ಹಳೆಯ ಬಗೆಯ ತೋಟಾದ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಕೇಪು ಸಿಡಿದಾಗ ಅದು ಪೊಟ್ಯಾಸಿಯಂ ಕ್ಲೋರೈಡ್ ಆಗಿ, ಅಂದರೆ ಅಡುಗೆ ಉಪ್ಪಿನ ಹತ್ತಿರದ ಸಂಬಂಧಿಯಾಗಿ, ನಳಿಗೆಯ ಉದ್ದಕ್ಕೂ ಅಂಟಿಕೊಳ್ಳುತ್ತದೆ. ಉಪ್ಪು ಗಾಳಿಯ ಪಸೆ ಎಳೆಯುತ್ತದೆ. ಕಪಿಲೆ, ಕಾವೇರಿ, ನಾಲೆ, ಗದ್ದೆಗಳ ನಡುವಿನ ನಮ್ಮ ಹವೆಯಲ್ಲಿ ಪಸೆಗೆ ಬರವಿಲ್ಲ. ಒಂದೇ ಒಂದು ಗುಂಡು ಹಾರಿಸಿ ಒರಗಿಸಿಟ್ಟರೂ ಕೆಲವೇ ದಿನಗಳಲ್ಲಿ ಒಳಗೆ ತುಕ್ಕು ಏಳುತ್ತದೆ. ಇಲ್ಲಿಯೇ ನಮ್ಮವರು ಎಡವುವುದು: ಗುಂಡು ಹಾರಿಸಿದ ಮೇಲೆ ಎಣ್ಣೆ ಬಟ್ಟೆ ಎಳೆದು ಕೆಲಸ ಮುಗಿಯಿತು ಎನ್ನುತ್ತಾರೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಎಣ್ಣೆಯ ಪೊರೆಯ ಕೆಳಗೆ ಬೆಚ್ಚಗೆ ಕೂತು ಉಕ್ಕನ್ನು ತಿನ್ನುತ್ತದೆ.

ಸೈನ್ಯಕ್ಕೆ ಇದು ಗೊತ್ತಿತ್ತು. ಪ್ರತಿ ಸಿಪಾಯಿಗೂ ಕಲಿಸಿದ ಪಾಠ ಕುದಿಯುವ ನೀರಿನದು. ಬೋಲ್ಟು ತೆಗೆದು, ಸಣ್ಣ ಆಲಿಕೆ ಇಟ್ಟು, ತೋಟಾ ಕೂರುವ ಹಿಂಬದಿಯಿಂದ ಕುದಿನೀರು ಹೊಯ್ಯಬೇಕು. ನೀರು ಉಪ್ಪನ್ನು ಕರಗಿಸಿ ಒಯ್ಯುತ್ತದೆ; ಬಿಸಿಯೇರಿದ ನಳಿಗೆ ತಾನೇ ಒಣಗುತ್ತದೆ. ಆಮೇಲೆ ಒಣಬಟ್ಟೆ, ಕೊನೆಗೆ ಎಣ್ಣೆ. ಮುಂದಿನ ಎರಡು ಮೂರು ದಿನ ಮತ್ತೆ ಒರೆಸಿ ನೋಡಬೇಕು. ಸೈನ್ಯದ ಕೋವಿಯ ಹಿಂಬದಿಯ ಮರದಲ್ಲಿ ಹಿತ್ತಾಳೆಯ ಮುಚ್ಚಳವಿರುವ ಪುಟ್ಟ ಗೂಡು ಇರುತ್ತಿತ್ತು. ಎಣ್ಣೆ ಕುಪ್ಪಿ, ನಳಿಗೆ ಒರೆಸಲು ತುದಿಗೆ ತೂಕ ಕಟ್ಟಿದ ಹುರಿ ಅದರೊಳಗೆ. ಕೋವಿಯನ್ನು ರೂಪಿಸಿದವರು ಅದರ ಆರೈಕೆಗೂ ಅದರ ಮೈಯಲ್ಲೇ ಜಾಗ ಮಾಡಿದ್ದರು. ಈ ಗೂಡಿನ ಬಗ್ಗೆ ಒಂದು ಸಾಲು ಬರೆದ ಕೋವಿಪ್ರಿಯರನ್ನು ನಾನು ಕನ್ನಡದಲ್ಲಿ ಓದಿಲ್ಲ.

ಆ ಹುರಿಯನ್ನು ಬಳಸುವುದರಲ್ಲೂ ನಾಜೂಕು ಬೇಕು. ಹಿಂದಿನಿಂದ ಬಿಟ್ಟು ಮುಂದಿನಿಂದ ನೇರವಾಗಿ ಎಳೆಯಬೇಕು. ಓರೆಯಾಗಿ ಎಳೆದರೆ ಹುರಿ ನಳಿಗೆಯ ಬಾಯಂಚನ್ನು ಒಂದೇ ಕಡೆ ಉಜ್ಜುತ್ತದೆ. ವರ್ಷಗಟ್ಟಲೆ ಉಜ್ಜಿದರೆ ಆ ಅಂಚಿನಲ್ಲಿ ಗೀರು ಬೀಳುತ್ತದೆ. ಗುಂಡು ನಳಿಗೆಯನ್ನು ಬಿಡುವ ಕೊನೆಯ ಜಾಗ ಅದು. ಅಲ್ಲಿ ಮದ್ದಿನ ಬಿಸಿಗಾಳಿ ಒಂದು ಬದಿಗೆ ಮೊದಲು ನುಗ್ಗಿದರೆ ಗುಂಡು ಓಲುತ್ತದೆ. ಗುರಿ ಕೆಟ್ಟ ಕೋವಿಯ ಒಡೆಯ ತನ್ನ ಕಣ್ಣನ್ನು ದೂರುತ್ತಾನೆ, ತೋಟಾವನ್ನು ದೂರುತ್ತಾನೆ. ಬಾಯಂಚಿಗೆ ಬೆರಳಿಟ್ಟು ನೋಡುವುದಿಲ್ಲ.

ಮರದ ಸಂಗತಿ ಇದಕ್ಕಿಂತ ಸೂಕ್ಷ್ಮ. ಲೀ-ಎನ್‌ಫೀಲ್ಡಿನ ನಳಿಗೆಯನ್ನು ಮುಂಭಾಗದ ಮರ ಉದ್ದಕ್ಕೂ ಅಪ್ಪಿಕೊಂಡಿರುತ್ತದೆ. ಚೌಕಟ್ಟಿನ ಹಿಂದೆ ಮರದ ಎರಡು ಮುಖಗಳು ಉಕ್ಕಿಗೆ ಬಿಗಿಯಾಗಿ ಒತ್ತಿರಬೇಕು. ಹಾರಿಸಿದಾಗ ಹಿಂದಕ್ಕೆ ಬರುವ ಹೊಡೆತವನ್ನು ಹೊರುವುದು ಅವೇ. ಅವು ಸವೆದರೆ, ಎಣ್ಣೆ ಕುಡಿದು ಮೆತ್ತಗಾದರೆ, ಕೋವಿ ಪ್ರತಿ ಗುಂಡಿಗೂ ಬೇರೆ ಬೇರೆ ರೀತಿ ಕೂರುತ್ತದೆ. ಇದನ್ನು ಬಲಪಡಿಸಲೆಂದೇ ಇಷಾಪುರದವರು ಸೈನ್ಯದ ರೈಫಲ್ಲುಗಳ ಮರಕ್ಕೆ ಅಡ್ಡಲಾಗಿ ಒಂದು ತಿರುಪು ಹಾಕಿದರು. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಜುಲೈನಲ್ಲಿ ಬಿದ್ದ ಗುರಿ ಮಾರ್ಚ್‌ನಲ್ಲಿ ಬೀಳದಿದ್ದರೆ ಅದಕ್ಕೆ ಇದೂ ಕಾರಣ. ಅಗಸೆ ಎಣ್ಣೆಯನ್ನು ತೆಳ್ಳಗೆ, ಒಣಗಲು ಬಿಟ್ಟು ಬಿಟ್ಟು, ತಿಕ್ಕಿದರೆ ಪಸೆ ಒಳಗಿಳಿಯುವುದು ನಿಧಾನವಾಗುತ್ತದೆ. ಅದರ ಬದಲು ಮಿರುಗಲೆಂದು ಪೀಠೋಪಕರಣದ ವಾರ್ನಿಷ್ ಬಳಿದ, ಮುಂಭಾಗದ ಮರವನ್ನು ಚೆಂದಕ್ಕೆಂದು ಗೀಸಿದ ಕೋವಿಗಳನ್ನು ಕಂಡು ನನಗೆ ಸಂಕಟವಾಗಿದೆ.

ಈಗ ಆಯುಧಪೂಜೆ. ನಾನು ಪೂಜೆಯ ವಿರೋಧಿಯಲ್ಲ. ನಮ್ಮ ಮನೆಯ ಕುಡುಗೋಲಿಗೂ ಪೂಜೆ ಆಗುತ್ತದೆ. ಆದರೆ ನಡೆಯುವುದೇನೆಂದು ಹತ್ತಿರದಿಂದ ನೋಡಬೇಕು. ನೀರಲ್ಲಿ ಕಲಸಿದ ಗಂಧ, ಅರಿಶಿನ, ಕುಂಕುಮ ನಳಿಗೆಯ ಮೇಲೆ, ಬೋಲ್ಟಿನ ಮೇಲೆ. ಒದ್ದೆ ಹೂವಿನ ಹಾರ. ಒಡೆದ ಕಾಯಿಯ ನೀರು ಚಿಮ್ಮಿ ಬಿದ್ದಲ್ಲೇ ಬಿಡುವುದು. ಆ ನೀರಿನಲ್ಲೂ ಉಪ್ಪಿನಂಶವಿದೆ. ಮೈಸೂರು ಸೀಮೆಗೆ ಅಕ್ಟೋಬರ್ ಎಂದರೆ ಹಿಂಗಾರಿನ ಮಳೆ. ಬೊಟ್ಟನ್ನು ಒರೆಸುವುದು ಅಪಚಾರವೆಂದು ಹಾಗೆಯೇ ಬಟ್ಟೆಯಲ್ಲಿ ಸುತ್ತಿ ಬೀರುವಿಗೆ ಸೇರಿಸುತ್ತಾರೆ. ಕಾಡಂಚಿನ ಒಂದು ಮನೆಯಲ್ಲಿ ನಾನು ನೋಡಿದ ರೈಫಲ್ಲಿನ ಮೇಲೆ ಮೂರು ಬೊಟ್ಟಿನ ಜಾಗದಲ್ಲಿ ಉಕ್ಕಿನ ನೀಲಿಗಪ್ಪು ಹೊಳಪು ಹೋಗಿ, ಉಗುರು ಸಿಕ್ಕಿಕೊಳ್ಳುವಷ್ಟು ಗುಳಿ ಬಿದ್ದಿತ್ತು. ಮನೆಯವರು ಅದನ್ನು ಹಳೆತನದ ಗುರುತು ಎಂದು ಹೆಮ್ಮೆಯಿಂದ ತೋರಿಸಿದರು.

ಈ ಹೆಮ್ಮೆಯನ್ನು ಬೆಳೆಸಿದವರು ಮನೆತನದ ಕೋವಿಯ ಬಗ್ಗೆ ಭಾವುಕವಾಗಿ ಬರೆಯುವ ನಮ್ಮ ಲೇಖಕರು. ಅವರ ಮೇಲೆ ನನ್ನ ತಕರಾರು ದೊಡ್ಡದು. ಮೊದಲನೆಯದು, ಕೊಡಗಿನ ಮಾತನ್ನು ಬಯಲುಸೀಮೆಗೆ ಎತ್ತಿ ತರುವುದು. ಕೊಡವರಿಗೆ ಕೋವಿಯ ವಿಷಯದಲ್ಲಿ ಶಸ್ತ್ರ ಕಾನೂನಿನಿಂದ ವಿನಾಯಿತಿ ಬಂದದ್ದು 1861ರಲ್ಲಿ, ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ. ಸ್ವಾತಂತ್ರ್ಯಾನಂತರ ಕೇಂದ್ರ ಸರ್ಕಾರ ಅದನ್ನು ಮುಂದುವರಿಸಿತು. ಈಗಿನ ಆದೇಶ 2029ರ ಅಕ್ಟೋಬರ್‌ವರೆಗೆ ಇದೆ. 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಅಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ಪೂಜೆಯೂ ಆಗುತ್ತದೆ, ಹಿಂದೆಯೇ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವೂ ನಡೆಯುತ್ತದೆ. ಮಗು ಹುಟ್ಟಿದರೂ ಕೋವಿ, ಸಾವಾದರೂ ಕೋವಿ. ನಾಲ್ಕು ಜನರ ಎದುರು ಗುರಿ ತಪ್ಪಿದರೆ ಗೊತ್ತಾಗುವ ಕಡೆ ಆರೈಕೆ ತಾನಾಗಿ ಉಳಿಯುತ್ತದೆ. ನಮ್ಮಲ್ಲಿ ಕೋವಿ ಹೊರಬರುವುದು ಪೂಜೆಗೆ, ಲೈಸೆನ್ಸ್ ನವೀಕರಣಕ್ಕೆ, ಚುನಾವಣೆಗೆ ಠಾಣೆಯಲ್ಲಿ ಜಮೆ ಮಾಡುವುದಕ್ಕೆ. ಈ ವ್ಯತ್ಯಾಸವನ್ನು ಮರೆಸುವ ಬರಹ ಓದುಗರ ದಾರಿ ತಪ್ಪಿಸುತ್ತದೆ.

ಎರಡನೆಯದು, ಶಿಕಾರಿ ಸಾಹಿತ್ಯದ ಓದು. ಜಿಮ್ ಕಾರ್ಬೆಟ್‌ನ .275 ರಿಗ್ಬಿ ರೈಫಲ್ಲೇ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದು ಎಂದು ಬರೆಯುವವರಿದ್ದಾರೆ. 1907ರಲ್ಲಿ ಆ ಹುಲಿಯನ್ನು ಕೊಂದದ್ದಕ್ಕೆ ಮೆಚ್ಚಿ ಕೊಟ್ಟ ಬಹುಮಾನ ಆ ರೈಫಲ್. ಅದೂ ಮೌಸರ್ ಎಂಬ ಮಿಲಿಟರಿ ವಿನ್ಯಾಸದ ಮೇಲೆ ಕಟ್ಟಿದ್ದು. ಕೆನೆತ್ ಆಂಡರ್ಸನ್‌ನ .405 ವಿಂಚೆಸ್ಟರ್ ಕೂಡ ಇವರ ಕೈಯಲ್ಲಿ ಮಾಂತ್ರಿಕ ದಂಡವಾಗಿದೆ. 1895ರ ಆ ಮಾದರಿಯನ್ನು ರಷ್ಯಾದ ಸೈನ್ಯ ಮೊದಲ ಮಹಾಯುದ್ಧದಲ್ಲಿ ಲಕ್ಷಗಟ್ಟಲೆ ಕೊಂಡಿತ್ತು. ಅದರಲ್ಲಿ ಮಾಂತ್ರಿಕವಾದದ್ದೇನೂ ಇಲ್ಲ. ತೇಜಸ್ವಿ ಕನ್ನಡಕ್ಕೆ ತಂದ ಆ ಕಥೆಗಳಲ್ಲಿ ನಿಜವಾಗಿ ದೊಡ್ಡದು ಕಾಯುವಿಕೆ ಮತ್ತು ಹೆಜ್ಜೆಯ ಓದು. ಕೋವಿಯನ್ನು ನಾಯಕನನ್ನಾಗಿ ಮಾಡಿದ್ದು ವಿಮರ್ಶಕರು.

ಕೋವಿಯೇ ನಾಯಕ ಎಂಬ ಈ ಭ್ರಮೆಯ ಬೆಲೆ ಗೊತ್ತಾದದ್ದು 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯ ನಡುವೆ, ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆಗೆ ನಾಲ್ವರು ಬಲಿಯಾದಾಗ. ಊರೂರಲ್ಲಿ ಹಳೆಯ ಕೋವಿಗಳ ನೆನಪು ಎದ್ದಿತು. ಅವಿದ್ದರೆ ಹೀಗಾಗುತ್ತಿರಲಿಲ್ಲ ಎಂದರು. ಜನರ ಭಯ ನಿಜ, ಸಿಟ್ಟೂ ನ್ಯಾಯವಾದದ್ದೇ. ಆದರೆ ಕಬ್ಬಿನ ಗದ್ದೆಯ ಸಂಜೆಗತ್ತಲಲ್ಲಿ, ಒಳಗೆ ಗುಳಿಬಿದ್ದ ನಳಿಗೆ, ಸಡಿಲವಾದ ಮರ, ವರ್ಷಗಳಿಂದ ಗುಂಡು ಹಾರಿಸದ ಕೈ ಸೇರಿದರೆ ಆಗುವುದು ಗಾಯಗೊಂಡ ಚಿರತೆ, ಇಲ್ಲವೇ ಗದ್ದೆಯಾಚೆ ನಿಂತವನಿಗೆ ತಗಲಿದ ಗುಂಡು. ರೈಫಲ್ಲಿನ ಗುಂಡು ಮೈಲಿ ದಾಟಿಯೂ ಹೋಗುತ್ತದೆ. ಬೆಳೆ ಕಾಯಲು ರೈತನಿಗೆ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯ ಲೈಸೆನ್ಸನ್ನು 1959ರ ಶಸ್ತ್ರ ಕಾಯ್ದೆ ಬೇರೆಯಾಗಿಯೇ ಹೇಳಿದ್ದಕ್ಕೆ ಅರ್ಥವಿದೆ. ಚಿರತೆಯ ವಿಷಯವಂತೂ 1972ರ ವನ್ಯಜೀವಿ ಕಾಯ್ದೆಗೆ ಸೇರಿದ್ದು. ಜೀವಕ್ಕೆ ಎರಗಿದ ಗಳಿಗೆಯ ಆತ್ಮರಕ್ಷಣೆ ಬಿಟ್ಟರೆ, ಮುಖ್ಯ ವನ್ಯಜೀವಿ ಪರಿಪಾಲಕರ ಆದೇಶವಿಲ್ಲದೆ ಯಾರೂ ಹೊಡೆಯುವಂತಿಲ್ಲ.

ಸರ್ಕಾರಿ ವ್ಯವಸ್ಥೆಯೂ ಇಲ್ಲಿ ಹೊಣೆ ಹೊರಬೇಕು. ಚುನಾವಣೆ ಬಂದಾಗ ಯಾರ ಕೋವಿ ಜಮೆ ಆಗಬೇಕೆಂದು ಪರಿಶೀಲನಾ ಸಮಿತಿ ಒಂದೊಂದಾಗಿ ನೋಡಿ ತೀರ್ಮಾನಿಸಬೇಕು. ಬಹಳ ಕಡೆ ಎಲ್ಲವನ್ನೂ ಸಾರಾಸಗಟಾಗಿ ತರಿಸಿಕೊಳ್ಳುತ್ತಾರೆ. ವಾರಗಟ್ಟಲೆ ಗೋಡೆಗೊರಗಿ ನಿಂತ ಕೋವಿ ಮರಳುವಾಗ ತುಕ್ಕಿನೊಂದಿಗೆ ಮರಳುತ್ತದೆ. ಅಭ್ಯಾಸಕ್ಕೆ ಜಾಗವಿಲ್ಲ, ತೋಟಾ ದುಬಾರಿ, ಕೋವಿ ರಿಪೇರಿ ಬಲ್ಲವರು ಕಡಿಮೆಯಾಗುತ್ತಿದ್ದಾರೆ. ಕೋವಿ ಇರುವವರೆಲ್ಲ ಕಳ್ಳಬೇಟೆಗಾರರು ಎಂದು ಬರೆಯುವ ಪರಿಸರವಾದಿಗಳು ಈ ಕಷ್ಟಗಳನ್ನು ಒಮ್ಮೆಯೂ ಎಣಿಸಿಲ್ಲ.

ಒಟ್ಟಿನಲ್ಲಿ ನನ್ನ ತೀರ್ಪು ಇದು: ಹಳೆಯ .315 ಒಳ್ಳೆಯ ಯಂತ್ರ, ಆದರೆ ತನ್ನನ್ನು ತಾನೇ ಕಾಪಾಡಿಕೊಳ್ಳುವ ಯಂತ್ರವಲ್ಲ. ನಮ್ಮ ಎರಡು ತಾಲ್ಲೂಕುಗಳಲ್ಲಿ ನಾನು ಕಂಡವುಗಳಲ್ಲಿ ಹೆಚ್ಚಿನವು ಗುರಿಗೆ ನಂಬುವ ಸ್ಥಿತಿಯಲ್ಲಿಲ್ಲ. ಮನೆಯಲ್ಲಿ ಇಂಥದೊಂದು ಇದ್ದರೆ, ಈ ಸಲ ಆಯುಧಪೂಜೆಗೆ ಮೊದಲು ತೋಟಾ ಇಲ್ಲವೆಂದು ಎರಡೆರಡು ಸಲ ನೋಡಿ ಬೋಲ್ಟು ತೆಗೆಯಿರಿ. ಹಿಂಬದಿಯಿಂದ ನಳಿಗೆಯೊಳಗೆ ನೋಡಿ, ಬಾಯಿಯ ಕಡೆಯಿಂದ ಬೇರೊಬ್ಬರು ಟಾರ್ಚ್ ಹಿಡಿಯಲಿ. ಒಳಗೆ ಗುಂಡನ್ನು ತಿರುಗಿಸುವ ಸುರುಳಿ ಗೆರೆಗಳು ಸ್ಪಷ್ಟವಾಗಿ ಹೊಳೆದರೆ ಬೊಟ್ಟನ್ನು ಮರದ ಮೇಲೆ ಇಟ್ಟು, ಸಂಜೆಗೆ ಒರೆಸಿ, ಉಕ್ಕಿಗೆ ಎಣ್ಣೆ ಹಚ್ಚಿ. ಕಪ್ಪು ಗುಳಿಗಳು ಕಂಡರೆ ಲೈಸೆನ್ಸ್ ಇರುವ ರಿಪೇರಿಯವರಿಗೆ ತೋರಿಸುವ ತನಕ ಅದಕ್ಕೆ ತೋಟಾ ತುಂಬಬೇಡಿ.