ಕ್ಯಾಮೆರಾ ಯಾರ ಕಡೆ ತಿರುಗಿದೆ?

ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಈಗ ಹೊಸದೊಂದು ಅಭ್ಯಾಸ ಶುರುವಾಗಿದೆ. ಡಬ್ಬಿಯ ಮುಚ್ಚಳ ತೆಗೆಯೋ ಮುಂಚೆ ಫೋನ್ ತೆಗೆದು ಊರಿನ ಮನೆ ನೋಡೋದು. ಒಬ್ಬನ ಫೋನಲ್ಲಿ ಹಾಸನದ ಕಡೆಯ ತೆಂಗಿನ ತೋಟ, ಇನ್ನೊಬ್ಬಳ ಫೋನಲ್ಲಿ ಗದಗದ ಕಡೆಯ ಪಡಸಾಲೆ. ಅಮ್ಮ ಅಕ್ಕಿ ಆರಿಸ್ತಾ ಇರ್ತಾರೆ, ಅಪ್ಪ ಪೇಪರ್ ಓದ್ತಾ ಇರ್ತಾರೆ. "ಎಲ್ಲಾ ಸರಿ ಇದೆ" ಅಂತ ಫೋನ್ ಕೆಳಗಿಟ್ಟು ಚಪಾತಿ ಮುರೀತಾರೆ.

ನಾಲ್ಕು ಕ್ಯಾಮೆರಾ, ಒಂದು ಡಿವಿಆರ್, 1 ಟಿಬಿ ಹಾರ್ಡ್‌ಡಿಸ್ಕ್, 90 ಮೀಟರ್ ಕೇಬಲ್ ಸುರುಳಿ. ಇಷ್ಟು ಸೇರಿದ್ದಕ್ಕೆ ಕಾಂಬೋ ಅನ್ನೋ ಹೆಸರು. ಸಿನಿಮಾಗೆ, ಫೋನಿಗೆ, ದೋಸೆ ಹೋಟೆಲಿಗೆ ಪುಟಗಟ್ಟಲೆ ವಿಮರ್ಶೆ ಬರೆಯೋ ನಾವು, ಹತ್ತು ವರ್ಷ ಮನೆ ಗೋಡೆಗೆ ಅಂಟಿಕೊಂಡಿರೋ ಈ ವಸ್ತುವಿನ ಬಗ್ಗೆ ಬರೆದದ್ದು ಕಮ್ಮಿ. ಬರೆದರೂ ಅದು ಮೆಗಾಪಿಕ್ಸೆಲ್ ಲೆಕ್ಕದಲ್ಲೇ ಮುಗಿದುಹೋಗುತ್ತೆ. ಐದು ಮೆಗಾಪಿಕ್ಸೆಲ್ಲಾ, ಎಂಟಾ, ರಾತ್ರಿ ಕಲರ್ ಬರುತ್ತಾ. ವೈರ್ ಯಾವುದು ಅಂತ ಕೇಳಿದವರನ್ನ ನಾನು ನೋಡಿಲ್ಲ. ಕ್ಯಾಮೆರಾ ಯಾರ ಕಡೆ ತಿರುಗಿರಬೇಕು ಅಂತ ಕೇಳಿದವರಂತೂ ಇಲ್ಲವೇ ಇಲ್ಲ. ನನ್ನ ತಕರಾರು ಇರೋದು ಈ ಎರಡರ ಬಗ್ಗೆ.

ಮೊದಲು ವೈರ್. ಸಿಸಿಟಿವಿಗೆ ಹಾಕೋ ಕೇಬಲ್‌ಗೆ ಅಂಗಡಿಯಲ್ಲಿ 3+1 ಅಂತಾರೆ. ಚಿತ್ರಕ್ಕೆ ಒಂದು ಕೋಆಕ್ಸಿಯಲ್, ಜೊತೆಗೆ ಮೂರು ತೆಳ್ಳನೆ ತಂತಿ. ಆ ತೆಳ್ಳನೆ ತಂತಿಯಲ್ಲೇ ಕ್ಯಾಮೆರಾಗೆ 12 ವೋಲ್ಟ್ ಕರೆಂಟ್ ಹೋಗ್ಬೇಕು. ಅಗ್ಗದ ಸುರುಳಿಯಲ್ಲಿ ಅದು ಪೂರ್ತಿ ತಾಮ್ರ ಅಲ್ಲ, ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಬ್ಲೇಡಿನಿಂದ ಕೆರೆದರೆ ಬೆಳ್ಳಗೆ ಕಾಣುತ್ತೆ. ಬಿಇ ಮೊದಲ ವರ್ಷದಲ್ಲಿ ನಾವೆಲ್ಲ ಬಾಯಿಪಾಠ ಮಾಡಿ ಮರೆತ ಓಮ್‌ನ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತೆ. ಕೊಟ್ಟಿಗೆಯ ಕ್ಯಾಮೆರಾ ಡಿವಿಆರ್‌ನಿಂದ 40 ಮೀಟರ್ ದೂರ ಇದೆ ಅಂತಿಟ್ಟುಕೊಳ್ಳಿ. ಕರೆಂಟ್ ಹೋಗಿ ವಾಪಸ್ ಬರಬೇಕಾದ್ದರಿಂದ ತಂತಿಯ ಉದ್ದ 80 ಮೀಟರ್. 24 ಗೇಜಿನ ಶುದ್ಧ ತಾಮ್ರವಾದ್ರೂ ಸುಮಾರು 6.7 ಓಮ್ ಆಯ್ತು. ಹಗಲು ಕ್ಯಾಮೆರಾ ಕಮ್ಮಿ ಕರೆಂಟ್ ಎಳೆಯುತ್ತೆ, ಏನೂ ತೊಂದರೆ ಕಾಣಲ್ಲ. ಕತ್ತಲಾಗಿ ಇನ್ಫ್ರಾರೆಡ್ ದೀಪಗಳು ಹತ್ತಿದ ಕೂಡಲೇ ಅರ್ಧ ಆಂಪಿಯರ್ ಬೇಕು. ದಾರಿಯಲ್ಲೇ 3.4 ವೋಲ್ಟ್ ಹೋಯ್ತು. ಲೇಪದ ತಂತಿಯಾದರೆ 5 ವೋಲ್ಟ್ ದಾಟುತ್ತೆ. 12 ಕೊಟ್ಟರೆ ಕ್ಯಾಮೆರಾಗೆ ತಲುಪಿದ್ದು 7. ಕ್ಯಾಮೆರಾ ಆಫ್ ಆಗುತ್ತೆ. ಆಫ್ ಆದ ಮೇಲೆ ಕರೆಂಟ್ ಎಳೆಯಲ್ಲ, ವೋಲ್ಟೇಜ್ ಮತ್ತೆ ಏರುತ್ತೆ, ಕ್ಯಾಮೆರಾ ಮತ್ತೆ ಆನ್ ಆಗುತ್ತೆ, ದೀಪ ಹತ್ತುತ್ತೆ, ಮತ್ತೆ ಆಫ್. ಬೆಳಗಿನ ತನಕ ಇದೇ ಆಟ.

ಅಂದರೆ ಹಗಲು ನಾಯಿ ಓಡಾಡಿದ್ದನ್ನೆಲ್ಲ ಚೊಕ್ಕಟವಾಗಿ ತೋರಿಸೋ ಕ್ಯಾಮೆರಾ, ಕಳ್ಳ ಬರೋ ಹೊತ್ತಿಗೆ ಕಣ್ಣು ಮುಚ್ಚಿ ತೆಗೆದು ಮಾಡ್ತಾ ಇರುತ್ತೆ. ಹಾಕಿಕೊಟ್ಟವನಿಗೆ ಫೋನ್ ಮಾಡಿದರೆ ಹಗಲು ಬರ್ತಾನೆ. "ಸರಿ ಇದೆಯಲ್ಲ ಸಾರ್" ಅಂತಾನೆ. ಅವನು ಹೇಳೋದು ಸುಳ್ಳೂ ಅಲ್ಲ.

ಇದಕ್ಕೆ ಪರಿಹಾರ ಏನೂ ರಾಕೆಟ್ ಉಡಾಯಿಸೋ ಕೆಲಸ ಅಲ್ಲ. ಐಪಿ ಕ್ಯಾಮೆರಾ ಹಾಕಿ, ಒಂದೇ ಕ್ಯಾಟ್6 ಕೇಬಲ್‌ನಲ್ಲಿ ಚಿತ್ರವನ್ನೂ ಕರೆಂಟನ್ನೂ ಕಳಿಸೋ ಪಿಒಇ ಸ್ವಿಚ್ ಬಳಸಬಹುದು. ಅದರಲ್ಲಿ ಹೋಗೋದು ಸುಮಾರು 48 ವೋಲ್ಟ್. ವೋಲ್ಟೇಜ್ ನಾಲ್ಕು ಪಟ್ಟಾದರೆ ಅಷ್ಟೇ ಪವರಿಗೆ ಕರೆಂಟ್ ಕಾಲು ಭಾಗ ಸಾಕು, ತಂತಿಯಲ್ಲಿ ವ್ಯರ್ಥವಾಗೋದು ಹದಿನಾರರಲ್ಲಿ ಒಂದು ಭಾಗ. 100 ಮೀಟರ್ ತನಕ ಆರಾಮಾಗಿ ಹೋಗುತ್ತೆ. ಶುದ್ಧ ತಾಮ್ರದ್ದೇ ತಗೊಳ್ಳಿ, ಕ್ಯಾಟ್6 ಅಂತ ಬರೆದಿದ್ದರಲ್ಲೂ ಲೇಪದ್ದು ಇದೆ. ಖರ್ಚು ಜಾಸ್ತಿ, ನಿಜ. ಆದರೆ ಎಂಟು ಮೆಗಾಪಿಕ್ಸೆಲ್ಲಿಂದ ನಾಲ್ಕಕ್ಕೆ ಇಳಿದರೆ ಅಲ್ಲಿ ಉಳಿಸಿದ ದುಡ್ಡನ್ನ ವೈರಿಗೆ ಹಾಕಬಹುದು. ಕಾಂಬೋ ಮಾರೋರು ಇದನ್ನ ಹೇಳಲ್ಲ, ಯಾಕಂದ್ರೆ ವೈರಿನ ಫೋಟೋ ಹಾಕಿ ಜಾಹೀರಾತು ಮಾಡೋಕಾಗಲ್ಲ.

ಮಲೆನಾಡಿನ ಮನೆಗಳಿಗೆ ಇನ್ನೊಂದು ಸಮಸ್ಯೆ ಇದೆ, ಸಿಡಿಲು. ಮಾಡಿನ ಅಂಚಿಂದ ಕೊಟ್ಟಿಗೆಗೆ, ಅಲ್ಲಿಂದ ಗೇಟಿಗೆ ಗಾಳಿಯಲ್ಲಿ ನೇತಾಡೋ ತಾಮ್ರದ ತಂತಿ ಒಳ್ಳೇ ಆಂಟೆನಾ. ಗುಡುಗು ಶುರುವಾದಾಗ ಅಮ್ಮಂದಿರು ಓಡಿಹೋಗಿ ಟಿವಿ, ಡಿವಿಆರ್ ಪ್ಲಗ್ ಕಿತ್ತು ನಿಟ್ಟುಸಿರು ಬಿಡ್ತಾರೆ. ಪ್ಲಗ್ ಕಿತ್ತರೂ ಆ ನಾಲ್ಕು ಕೇಬಲ್ ಡಿವಿಆರ್ ಬೆನ್ನಿಗೆ ಸಿಕ್ಕಿಸಿಕೊಂಡೇ ಇರುತ್ತಲ್ಲ. ಮುಂಗಾರಿನ ಮೊದಲ ವಾರ ಕಳೆದ ಮೇಲೆ ಯಾವುದೇ ರಿಪೇರಿ ಅಂಗಡಿಗೆ ಹೋಗಿ ನೋಡಿ, ಎರಡು ಚಾನೆಲ್ ಸುಟ್ಟ ಡಿವಿಆರ್‌ಗಳು ಸಾಲಾಗಿ ಕೂತಿರ್ತವೆ. ಬೆಂಗಳೂರಿನ ಫ್ಲ್ಯಾಟಿಗೆ ಮಾಡಿದ ಪೊಟ್ಟಣವನ್ನೇ ತೀರ್ಥಹಳ್ಳಿ ಕಡೆಯ ಒಂಟಿ ಮನೆಗೂ ಕಳಿಸಿದರೆ ಹೀಗಾಗದೆ ಇನ್ನೇನು?

ಜೇಡದ ವಿಷಯ ಹೇಳದೇ ಇದ್ದರೆ ವಿಮರ್ಶೆ ಅಪೂರ್ಣ. ರಾತ್ರಿ ಇನ್ಫ್ರಾರೆಡ್ ದೀಪದ ಸುತ್ತ ಹುಳ ಬರುತ್ತೆ, ಹುಳ ತಿನ್ನೋಕೆ ಜೇಡ ಬರುತ್ತೆ, ಲೆನ್ಸಿನ ಎದುರೇ ಬಲೆ ಕಟ್ಟುತ್ತೆ. ಆ ಬಲೆ ದೀಪದ ಬೆಳಕಿಗೆ ಬೆಳ್ಳಗೆ ಹೊಳೆದು ಅಂಗಳವನ್ನೆಲ್ಲ ಮರೆಮಾಡುತ್ತೆ. ಗಾಳಿಗೆ ಬಲೆ ಅಲ್ಲಾಡಿದಾಗಲೆಲ್ಲ ನಿಮ್ಮ ಫೋನಿಗೆ "ಚಲನೆ ಕಂಡುಬಂದಿದೆ" ಅಂತ ಸಂದೇಶ. ಮೂರನೇ ದಿನಕ್ಕೆ ನೀವು ನೋಟಿಫಿಕೇಶನ್ ಆಫ್ ಮಾಡ್ತೀರಿ. ಅಲ್ಲಿಗೆ ಭದ್ರತೆ ಮುಗೀತು, ಉಳಿದದ್ದು ಬರೀ ವಿಡಿಯೋ. ವಾರಕ್ಕೊಮ್ಮೆ ಪೊರಕೆ ಆಡಿಸೋ ಹಾಗೆ ಕೈಗೆಟುಕೋ ಎತ್ತರ ಇಡ್ಬೇಕಾ, ಯಾರೂ ತಿರುಗಿಸದ ಹಾಗೆ ಎತ್ತರದಲ್ಲಿ ಇಡ್ಬೇಕಾ ಅನ್ನೋದಕ್ಕೆ ಸರಿಯಾದ ಉತ್ತರವೇ ಇಲ್ಲ. ಮನೆಯಲ್ಲಿ ಉದ್ದ ಕೋಲಿನ ಜಾಡುಪೊರಕೆ ಇದ್ದರೆ ಎತ್ತರದಲ್ಲಿಡಿ.

"ಒಂದು ತಿಂಗಳು ರೆಕಾರ್ಡಿಂಗ್ ಇರುತ್ತೆ" ಅನ್ನೋ ಮಾತಿಗೂ ಲೆಕ್ಕ ಹಾಕಿ. ಸೆಕೆಂಡಿಗೆ 2 ಮೆಗಾಬಿಟ್ ಅಂದರೆ ದಿನಕ್ಕೆ ಒಂದು ಕ್ಯಾಮೆರಾಗೆ ಸುಮಾರು 21 ಜಿಬಿ. ನಾಲ್ಕಕ್ಕೆ 86. 1 ಟಿಬಿ ಡಿಸ್ಕು ಹನ್ನೊಂದು ಹನ್ನೆರಡು ದಿನಕ್ಕೆ ತುಂಬಿ ಹಳೇದರ ಮೇಲೆ ಬರೆಯೋಕೆ ಶುರುಮಾಡುತ್ತೆ. ಆ ಡಿವಿಆರ್ ಅನ್ನೂ ಹಾಲಿನಲ್ಲಿ ಟಿವಿ ಪಕ್ಕ ನೀಲಿ ದೀಪ ಮಿನುಗಿಸ್ತಾ ಇಡ್ತಾರೆ. ಒಳಗೆ ಬಂದ ಕಳ್ಳ ಮೊದಲು ಕಂಕುಳಲ್ಲಿ ಸಿಕ್ಕಿಸಿಕೊಳ್ಳೋದೇ ಅದನ್ನ. ಅಟ್ಟದಲ್ಲೋ ಬೀಗ ಇರೋ ಕಪಾಟಲ್ಲೋ ಇಡೋಕೆ ಇನ್ನೊಂದು ಹತ್ತು ಮೀಟರ್ ವೈರ್ ಸಾಕಿತ್ತು.

ಪಾಸ್‌ವರ್ಡ್ ಕಥೆ ನಮ್ಮಂಥ ಸಾಫ್ಟ್‌ವೇರ್ ಜನಕ್ಕೆ ಹೊಸದಲ್ಲ. 2016ರಲ್ಲಿ ಮಿರಾಯ್ ಅನ್ನೋ ಮಾಲ್‌ವೇರ್, ಕಂಪನಿಯವರು ಇಟ್ಟ ಅರವತ್ತು ಚಿಲ್ಲರೆ ಯೂಸರ್‌ನೇಮ್-ಪಾಸ್‌ವರ್ಡ್ ಜೋಡಿಗಳನ್ನ ಒಂದೊಂದಾಗಿ ಪ್ರಯತ್ನಿಸಿ ಲಕ್ಷಾಂತರ ಉಪಕರಣಗಳ ಒಳಗೆ ಹೊಕ್ಕಿತ್ತು. ಹೆಚ್ಚಿನವು ಕ್ಯಾಮೆರಾ, ಡಿವಿಆರ್, ರೂಟರ್. ಆ ವರ್ಷ ಅಕ್ಟೋಬರ್ 21ರಂದು ಡಿನ್ ಅನ್ನೋ ಡಿಎನ್ಎಸ್ ಕಂಪನಿ ಮೇಲೆ ದಾಳಿ ಆಗಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಅಮೆರಿಕದಲ್ಲಿ ಗಂಟೆಗಟ್ಟಲೆ ತೊದಲಿದವು. ಸೈನ್ಯವಾಗಿ ನಿಂತದ್ದು ಯಾರ್ಯಾರದೋ ಮನೆ, ಅಂಗಡಿಗಳ ಇಂಥ ಪೆಟ್ಟಿಗೆಗಳು. ನಮ್ಮ ಸರ್ಕಾರ 2024ರಲ್ಲಿ ಸಿಸಿಟಿವಿಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯ ಅಂತ ನಿಯಮ ತಂದು 2025ರ ಏಪ್ರಿಲ್‌ನಿಂದ ಜಾರಿ ಮಾಡಿತು. ಒಳ್ಳೇದೇ ಆಯ್ತು. ಆದರೆ ಯಾವ ಪರೀಕ್ಷೆಗೂ ಸಿಗದ ತೂತು ಒಂದಿದೆ. ಹಾಕೋಕೆ ಬಂದ ಹುಡುಗ ತನ್ನ ಫೋನ್ ನಂಬರಿನಲ್ಲೇ ಆ್ಯಪ್ ಖಾತೆ ತೆರೆದು, ನಿಮಗೆ ಅದರಿಂದ ಶೇರ್ ಮಾಡಿ ಹೋಗಿರ್ತಾನೆ. ದಾಖಲೆ ಪ್ರಕಾರ ಮನೆಯ ಯಜಮಾನ ಅವನು, ನೀವು ಅತಿಥಿ. ಅವನಿಗೆ ಕೆಟ್ಟ ಉದ್ದೇಶ ಏನೂ ಇರಲ್ಲ, ಬೇಗ ಮುಗಿಸಿ ಮುಂದಿನ ಮನೆಗೆ ಹೋಗ್ಬೇಕು ಅಷ್ಟೇ. ಇವತ್ತು ರಾತ್ರಿ ಆ್ಯಪ್‌ನಲ್ಲಿ ಓನರ್ ಯಾರು ಅಂತ ಒಮ್ಮೆ ನೋಡಿ.

ಇಷ್ಟನ್ನೂ ದುಡ್ಡು, ತಾಳ್ಮೆ ಇದ್ದರೆ ಸರಿಮಾಡಬಹುದು. ಎರಡನೇ ತಕರಾರು ಹಾಗಲ್ಲ.

ಮನೆಗೆ ಕ್ಯಾಮೆರಾ ಹಾಕೋ ಯೋಚನೆ ಹುಟ್ಟಿದ್ದು ಹೇಗೆ ಅಂತ ನೋಡಿದರೆ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದ ಮೇರಿ ವಾನ್ ಬ್ರಿಟನ್ ಬ್ರೌನ್ ಅನ್ನೋ ನರ್ಸ್ ಸಿಗ್ತಾರೆ. ಗಂಡ ಆಲ್ಬರ್ಟ್ ಎಲೆಕ್ಟ್ರಾನಿಕ್ಸ್ ಕೆಲಸದವನು. ಇಬ್ಬರ ಡ್ಯೂಟಿ ಬೇರೆ ಬೇರೆ ಹೊತ್ತಿಗೆ, ಹಾಗಾಗಿ ಆಕೆ ಮನೆಯಲ್ಲಿ ಒಬ್ಬಳೇ ಇರಬೇಕಾಗ್ತಿತ್ತು. ಪೊಲೀಸರಿಗೆ ಫೋನ್ ಮಾಡಿದರೆ ಬರೋದು ತಡ. 1966ರಲ್ಲಿ ಇಬ್ಬರೂ ಸೇರಿ ಪೇಟೆಂಟಿಗೆ ಅರ್ಜಿ ಹಾಕಿದರು, 1969ರಲ್ಲಿ ಸಿಕ್ಕಿತು. ಬಾಗಿಲಲ್ಲಿ ಬೇರೆ ಬೇರೆ ಎತ್ತರಕ್ಕೆ ನಾಲ್ಕು ಇಣುಕುಕಿಂಡಿ, ಮೇಲೆ ಕೆಳಗೆ ಜಾರೋ ಕ್ಯಾಮೆರಾ, ಒಳಗೆ ಟಿವಿ ಪರದೆ, ಹೊರಗಿರೋರ ಜೊತೆ ಮಾತಾಡೋಕೆ ಮೈಕ್, ಕೂತಲ್ಲಿಂದಲೇ ಬಾಗಿಲು ತೆಗೆಯೋ ಗುಂಡಿ, ಅಪಾಯ ಅನಿಸಿದರೆ ಅಲಾರಂ ಗುಂಡಿ. ಇವತ್ತಿನ ವಿಡಿಯೋ ಡೋರ್‌ಬೆಲ್‌ನಲ್ಲಿ ಇದಕ್ಕಿಂತ ಮೂಲಭೂತವಾಗಿ ಹೊಸದು ಏನಿದೆ ಹೇಳಿ?

ಒಂದೇ ಒಂದು ವ್ಯತ್ಯಾಸ ಇದೆ. ಬ್ರೌನ್ ಮಾಡಿದ ವ್ಯವಸ್ಥೆಯಲ್ಲಿ ಕ್ಯಾಮೆರಾ ನೋಡ್ತಿದ್ದದ್ದು ಹೊರಗೆ, ಪರದೆ ಇದ್ದದ್ದು ಒಳಗೆ. ಮನೆಯಲ್ಲಿರೋಳು ನೋಡೋಳು, ಬಂದವನು ಕಾಣೋನು. ನಮ್ಮ ಕಾಂಬೋದಲ್ಲಿ ಅದು ಪೂರಾ ಉಲ್ಟಾ ಆಗಿದೆ. ಕ್ಯಾಮೆರಾ ಜಗಲಿಯಲ್ಲಿ, ನಡುಮನೆಯಲ್ಲಿ, ಅಡುಗೆಮನೆ ಬಾಗಿಲಲ್ಲಿ. ಪರದೆ ವೈಟ್‌ಫೀಲ್ಡಿನಲ್ಲೋ ನ್ಯೂಜೆರ್ಸಿಯಲ್ಲೋ. ಮನೆಯಲ್ಲಿರೋರಿಗೆ ಪರದೆಯೇ ಇಲ್ಲ, ಅವರು ಬರೀ ಕಾಣೋರು.

ಮಲೆನಾಡಿನ ಜಗಲಿ ಅಂದರೆ ಅರ್ಧ ಮನೆ, ಅರ್ಧ ಊರು. ಅಲ್ಲಿ ಎಲೆ ಅಡಿಕೆ ಹಾಕೋದು, ಸೊಸೆಯ ಬಗ್ಗೆ ದೂರೋದು, ಅಂಗಿ ಬಿಚ್ಚಿ ಕಾಲು ಚಾಚಿ ಮಲಗೋದು ಎಲ್ಲಾ ಆಗುತ್ತೆ. ನಮ್ಮೂರಲ್ಲಿ ಒಬ್ಬರು ದೊಡ್ಡಮ್ಮ ನನ್ನ ಅಮ್ಮನ ಹತ್ತಿರ ಹೇಳಿದ್ದಿಷ್ಟು: "ತಲೆ ಬಾಚ್ಕೊಳ್ಳೋಕೂ ಒಳಗೆ ಹೋಗ್ಬೇಕು ಮಾರಾಯ್ತಿ, ಮಗ ನೋಡ್ತಾ ಇರ್ತಾನೆ." ಅವರು ಅದನ್ನ ದೂರಿನ ಹಾಗೆ ಹೇಳಲಿಲ್ಲ, ಮಗನಿಗೆ ತನ್ನ ಮೇಲೆ ಎಷ್ಟು ಕಾಳಜಿ ಅನ್ನೋ ಹೆಮ್ಮೆಯಲ್ಲೇ ಹೇಳಿದರು. ಅದಕ್ಕೇ ನನಗೆ ಇನ್ನೂ ಕಸಿವಿಸಿ ಆಯ್ತು. ಇನ್ನೊಂದು ಮನೆಯಲ್ಲಿ ಅಪ್ಪಯ್ಯ ಏಣಿಗೆ ಕಾಲಿಟ್ಟರೆ ಗೋಡೆಯಿಂದ ಮಗನ ದನಿ ಬರುತ್ತೆ, "ಇಳೀರಿ ಕೆಳಗೆ" ಅಂತ. ಎಪ್ಪತ್ತು ವರ್ಷ ಅಡಿಕೆ ಮರ ನೋಡಿದ ಮನುಷ್ಯ. ಸಂಜೆ ಹೊತ್ತು ಕೂರೋಕೆ ಬರ್ತಿದ್ದ ನೆರೆಯವರು ಈಗ ಗೇಟಿನ ಹತ್ತಿರವೇ ನಿಂತು ಮಾತಾಡಿ ಹೋಗ್ತಾರಂತೆ.

ಊರಿನ ಭಯ ಸುಳ್ಳು ಅಂತ ನಾನು ಹೇಳ್ತಿಲ್ಲ. ಪಕ್ಕದ ಮನೆ ಒಂದು ಫರ್ಲಾಂಗ್ ಆಚೆ, ಇರೋದು ಇಬ್ಬರು ವಯಸ್ಸಾದವರು, ರಾಶಿ ಅಡಿಕೆ ಕ್ವಿಂಟಾಲಿಗೆ 40,000 ರೂಪಾಯಿ ದಾಟಿದ ಮೇಲಂತೂ ಅಂಗಳದಲ್ಲಿ ಒಣಗೋದು ಅಡಿಕೆಯಲ್ಲ, ದುಡ್ಡು. ಕ್ಯಾಮೆರಾ ಬೇಕು. ಅಂಗಳಕ್ಕೆ, ಗೇಟಿಗೆ, ಅಡಿಕೆ ಗೋದಾಮಿಗೆ. ಜಗಲಿಗೆ ಯಾಕೆ? ಕಳ್ಳ ಜಗಲಿಯ ತನಕ ಬಂದಿದ್ದರೆ ಗೇಟಿನ ಕ್ಯಾಮೆರಾ ಏನು ಮಾಡ್ತಿತ್ತು?

ಊರಲ್ಲಿ ಅಪ್ಪ ಅಮ್ಮನಿಗೆ ಮಾಡೋದನ್ನೇ ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಮನೆಕೆಲಸಕ್ಕೆ ಬರೋ ಅಕ್ಕನಿಗೆ ಮಾಡ್ತೀವಿ. ಅವರಿಗೆ ಹೇಳಿರೋದೂ ಇಲ್ಲ. ಈ ವಿಡಿಯೋ ಎಲ್ಲಿ ಹೋಗುತ್ತೆ, ಯಾರು ನೋಡ್ತಾರೆ? ಅಮೆಜಾನ್ ಒಡೆತನದ ರಿಂಗ್ ಕಂಪನಿ ಮೇಲೆ 2023ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹಾಕಿದ ದೂರಲ್ಲಿ, ಒಬ್ಬ ಉದ್ಯೋಗಿ ಹೆಂಗಸರ ಮಲಗೋ ಕೋಣೆ, ಬಾತ್‌ರೂಮುಗಳಲ್ಲಿದ್ದ ಕ್ಯಾಮೆರಾಗಳ ಸಾವಿರಾರು ವಿಡಿಯೋ ನೋಡಿದ್ದ ಅನ್ನೋ ಆರೋಪ ಇತ್ತು. ಕಂಪನಿ 58 ಲಕ್ಷ ಡಾಲರ್ ಕಟ್ಟೋಕೆ ಒಪ್ಪಿ ಮುಗಿಸಿತು. ನಮ್ಮಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಮೊಕದ್ದಮೆಯಲ್ಲೇ 2017ರಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನ ಮೂಲಭೂತ ಹಕ್ಕು ಅಂದಿದ್ದು. ಆದರೆ 2023ರ ಡೇಟಾ ಸಂರಕ್ಷಣಾ ಕಾಯ್ದೆ, ಒಬ್ಬ ವ್ಯಕ್ತಿ ತನ್ನ ಮನೆಯ ಬಳಕೆಗೆ ಇಟ್ಟುಕೊಂಡ ಮಾಹಿತಿಗೆ ಅನ್ವಯಿಸಲ್ಲ. ಮನೆಯೊಳಗೆ ಏನು ಸರಿ ಅಂತ ಸಾಮಾನ್ಯವಾಗಿ ಕ್ಯಾಮೆರಾ ಹಾಕಿಸೋನೇ ತೀರ್ಮಾನಿಸ್ತಾನೆ, ಕಾಣೋರನ್ನ ಕೇಳೋರಿಲ್ಲ.

ನಮ್ಮ ಮನೆಗೆ ವೈರ್ ಎಳೆದದ್ದು ಮೂರು ಕ್ಯಾಮೆರಾಗೆ, ಮೂರೂ ಹೊರಗೆ ನೋಡೋದು. ಮೈಕ್ ಆಫ್. ರೆಕಾರ್ಡರ್ ಅಟ್ಟದಲ್ಲಿದೆ, ಅದರ ಎಚ್‌ಡಿಎಂಐ ಕೇಬಲ್ ಕೆಳಗಿಳಿದು ಟಿವಿಗೆ ಬಂದಿದೆ. ರಿಮೋಟಿನಲ್ಲಿ ಒಂದು ಗುಂಡಿ ಒತ್ತಿದರೆ ಧಾರಾವಾಹಿ ಹೋಗಿ ಗೇಟು ಬರುತ್ತೆ. ಅಮ್ಮ ಅದನ್ನ ಎರಡೇ ದಿನದಲ್ಲಿ ಕಲಿತರು. ಈಗ ಯಾರು ಬಂದಿದ್ದರು, ಯಾವ ಹೊತ್ತಿಗೆ ಕಾಡುಹಂದಿ ದಾಟಿತು ಅಂತ ಅವರೇ ಫೋನ್ ಮಾಡಿ ಹೇಳ್ತಾರೆ. ಜಾಲಾಡೋ ಪೊರಕೆ ಅಪ್ಪಯ್ಯನ ಜವಾಬ್ದಾರಿ. ಅಡಿಕೆ ಗೋದಾಮಿಗೆ ಮಾತ್ರ ಇನ್ನೂ ಬಾಕಿ. ಎಪ್ಪತ್ತು ಮೀಟರ್ ದೂರ, ಮಳೆಗಾಲ ಮುಗಿದ ಮೇಲೆ ಕಾಲುವೆ ತೋಡಿ ಪೈಪಿನಲ್ಲಿ ಎಳೀಬೇಕು. ತಾಮ್ರ ಬೇಡ ಫೈಬರ್ ಹಾಕೋಣ ಅಂತ ಇದೀನಿ, ಗಾಜಿನ ಎಳೆಯಲ್ಲಿ ಸಿಡಿಲಿನ ಕರೆಂಟ್ ಹರಿದು ಬರಲ್ಲ. ಆ ತುದಿಯಲ್ಲಿ ಕರೆಂಟಿಗೆ ಗೋದಾಮಿನದ್ದೇ ಲೈನ್ ಇದೆ. ಎರಡು ಕನ್ವರ್ಟರ್, ಒಂದು ಸಣ್ಣ ಬ್ಯಾಟರಿ ಬೇಕು. ಅಪ್ಪಯ್ಯ ಗುದ್ದಲಿ ಹಿಡಿಯೋಕೆ ಈಗಲೇ ತಯಾರು.