‘ವಂಶವೃಕ್ಷ’ದಲ್ಲಿ ಕಾಣದ ತಾಯಿ

ಶ್ರೀ ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ 1965ರಲ್ಲಿ ಪ್ರಕಟವಾದ ಕಾದಂಬರಿ. ವಿದ್ಯಾರ್ಥಿದೆಸೆಯಲ್ಲಿ ಅದನ್ನು ಒಂದೇ ಉಸಿರಿಗೆ ಓದಿ, ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳಿಗೆ ಮನಸ್ಸಿನಲ್ಲೇ ಅಡ್ಡಬಿದ್ದವರಲ್ಲಿ ನಾನೂ ಒಬ್ಬ. ಈಚೆಗೆ ತರಗತಿಯಲ್ಲಿ ಆ ಕಥೆಯನ್ನು ವಿವರಿಸುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು, “ಶ್ರೋತ್ರಿಗಳ ತಾಯಿ ಏನು ಹೇಳಿದಳು, ಸಾರ್?” ಎಂದು ಕೇಳಿದಳು. ನನಗೆ ಉತ್ತರ ತೋಚಲಿಲ್ಲ. ಮನೆಗೆ ಬಂದು ಪುಸ್ತಕವನ್ನು ಮತ್ತೆ ಹಿಡಿದೆ. ಓದಿ ಮುಗಿಸಿದಾಗ ಹಳೆಯ ಬೆರಗು ಉಳಿದಿರಲಿಲ್ಲ, ನಿರಾಶೆ ಉಳಿದಿತ್ತು.

ಕಥೆ ಬಹುಮಂದಿಗೆ ಗೊತ್ತಿರುವುದೇ. ಮಗ ಕಪಿಲಾ ನದಿಯ ಪಾಲಾದ ಮೇಲೆ ಸೊಸೆ ಕಾತ್ಯಾಯನಿ ಮೈಸೂರಿನಲ್ಲಿ ಓದನ್ನು ಮುಂದುವರಿಸುತ್ತಾಳೆ, ರಾಜಾರಾಯನನ್ನು ಮೆಚ್ಚಿ ಮದುವೆಯಾಗುತ್ತಾಳೆ. ವಂಶದ ಕುಡಿಯಾದ ಚೀನಿ ಅಜ್ಜನ ಮನೆಯಲ್ಲೇ ಉಳಿಯುತ್ತಾನೆ. ಕೊನೆಯ ಭಾಗದಲ್ಲಿ, ತಾವು ಆ ವಂಶದ ರಕ್ತದವರೇ ಅಲ್ಲವೆಂದು ಶ್ರೋತ್ರಿಗಳಿಗೆ ತಿಳಿಯುತ್ತದೆ. ಆಸ್ತಿ ತಮ್ಮನ ಪಾಲಾಗಬಾರದೆಂಬ ಹಟದಿಂದ ಅವರ ತಂದೆಯೆನಿಸಿಕೊಂಡವನು ಪರಪುರುಷನಿಂದ ಹೆಂಡತಿಗೆ ಮಗುವನ್ನು ಪಡೆಸಿರುತ್ತಾನೆ.

ಇಷ್ಟು ದೊಡ್ಡ ಗುಟ್ಟನ್ನು ಕಟ್ಟಿದ ಲೇಖಕರು ಅದರಿಂದ ಮಾಡಿಸಿದ ಕೆಲಸ ಮಾತ್ರ ಚಿಕ್ಕದು. ಶ್ರೋತ್ರಿಗಳು ತತ್ತರಿಸುತ್ತಾರೆ, ಆಸ್ತಿಯನ್ನು ತೊರೆಯುತ್ತಾರೆ, ಸಂನ್ಯಾಸಕ್ಕೆ ಹೊರಡುತ್ತಾರೆ. ಗುಟ್ಟು ಅವರ ಹಿರಿಮೆಯನ್ನು ಇನ್ನೊಂದು ಮೆಟ್ಟಿಲು ಏರಿಸುತ್ತದೆ. ಅದನ್ನು ಒಡಲಲ್ಲಿ ಹೊತ್ತು, ಅದರೊಡನೆಯೇ ಬಾಳಿ ಸತ್ತ ಹೆಂಗಸಿನ ಒಳಗು ಏನಾಗಿತ್ತೆಂಬುದು ಕಾದಂಬರಿಗೆ ಬೇಕಾಗಿಲ್ಲ. ಗಂಡನ ಹಟಕ್ಕೆ ಆಕೆ ಸಾಧನವಾದಳು. ಮಗನ ವೈರಾಗ್ಯಕ್ಕೆ ನೆಪವಾದಳು.

ಕಾತ್ಯಾಯನಿಗೂ ಇದೇ ಗತಿ. ಮಾವನೊಡನೆ ಅವಳು ಆಡುವ ವಾದ ಕಾದಂಬರಿಯ ಬಹು ಸತ್ವವುಳ್ಳ ಭಾಗ. ಅಲ್ಲಿ ಲೇಖಕರು ಇಬ್ಬರಿಗೂ ನ್ಯಾಯ ಸಲ್ಲಿಸುತ್ತಾರೆ. ಆದರೆ ವಾದದಲ್ಲಿ ಸೋಲದವಳನ್ನು ಮುಂದೆ ಗರ್ಭಪಾತಗಳು ಸೋಲಿಸುತ್ತವೆ. ಒಂದಾದ ಮೇಲೊಂದು ಮಗು ನಿಲ್ಲದೆ ಅವಳು ಸವೆದು ಸಾಯುತ್ತಾಳೆ. ಅದು ಅವಳ ಪಾಪಪ್ರಜ್ಞೆಯ ಫಲವೆಂದು ಸಮರ್ಥಿಸುವವರಿದ್ದಾರೆ. ಇರಬಹುದು. ಆದರೆ ವಿಚಾರ ತೀರ್ಮಾನಿಸದೆ ಬಿಟ್ಟದ್ದನ್ನು ದೇಹದ ಕೈಯಲ್ಲಿ ತೀರ್ಮಾನಿಸಿದರೆ ಅದು ನ್ಯಾಯವಲ್ಲ, ಶಿಕ್ಷೆ. 1899ರಷ್ಟು ಹಿಂದೆಯೇ ಗುಲ್ವಾಡಿ ವೆಂಕಟರಾಯರು ‘ಇಂದಿರಾಬಾಯಿ’ಯಲ್ಲಿ ವಿಧವೆಗೆ ಮರುಮದುವೆಯ ಸುಖವನ್ನು ಕೊಟ್ಟಿದ್ದರು. ಸುಖಾಂತವೇ ಆಗಬೇಕೆಂದು ನಾನು ಹೇಳುತ್ತಿಲ್ಲ. ದುರಂತವು ಪಾತ್ರದೊಳಗಿನಿಂದ ಬೆಳೆದು ಬರಬೇಕು ಎಂಬುದಷ್ಟೇ ನನ್ನ ಮಾತು.

ಕಾಲದ ಮಿತಿಯೆಂದು ಇದನ್ನು ತಳ್ಳಿಹಾಕುವಂತಿಲ್ಲ. ನಿಯೋಗದ ಕಥೆ ನಮ್ಮಲ್ಲಿ ಹಳೆಯದು. ವ್ಯಾಸರನ್ನು ಕಂಡು ಅಂಬಿಕೆ ಕಣ್ಣು ಮುಚ್ಚಿದಳು, ಅಂಬಾಲಿಕೆ ಬಿಳಿಚಿಕೊಂಡಳು. ಎರಡನೆಯ ಸಲ ಹೋಗೆಂದಾಗ ಅಂಬಿಕೆ ದಾಸಿಯನ್ನು ಕಳಿಸಿದಳು. ಆ ಹೆಂಗಸರು ಬಾಯಿ ಬಿಟ್ಟು ಏನೂ ಹೇಳದಿದ್ದರೂ ಅವರ ಒಲ್ಲದ ಮನಸ್ಸನ್ನು ಮಹಾಭಾರತ ಮರೆಮಾಚಲಿಲ್ಲ. ಶ್ರೋತ್ರಿಗಳ ತಾಯಿಗೆ ಆ ಮುಚ್ಚಿದ ಕಣ್ಣಿನಷ್ಟೂ ಎಡೆ ದೊರೆಯಲಿಲ್ಲ.

ಭೈರಪ್ಪನವರಿಗೆ ಇದು ಕಾಣದೆ ಹೋಯಿತೆನ್ನಲಾರೆ. 1979ರ ‘ಪರ್ವ’ದಲ್ಲಿ ಅವರು ಕುಂತಿಯ ಮನಸ್ಸಿನೊಳಗೆ ಇಳಿದು, ನಿಯೋಗವನ್ನು ಅವಳ ನೆನಪಿನಿಂದಲೇ ನಮಗೆ ತೋರಿಸಿದರು. ಹದಿನಾಲ್ಕು ವರ್ಷ ತಡವಾಗಿ, ಬೇರೊಂದು ಪುಸ್ತಕದಲ್ಲಿ, ತಾಯಿ ಮಾತನಾಡಿದಳು. ಆದಕಾರಣ ನನ್ನ ನಿರಾಶೆ ಲೇಖಕರ ಶಕ್ತಿಯ ಬಗೆಗಲ್ಲ. ಇಷ್ಟು ಶಕ್ತಿಯಿದ್ದೂ ‘ವಂಶವೃಕ್ಷ’ ಕೇಳದೆ ಬಿಟ್ಟ ಪ್ರಶ್ನೆಯ ಬಗೆಗೆ.

ಮರುದಿನ ಆ ಹುಡುಗಿಗೆ, “ಏನೂ ಹೇಳಲಿಲ್ಲಮ್ಮ, ಯಾರೂ ಕೇಳಲಿಲ್ಲ” ಎಂದೆ. ಎರಡು ಪುಸ್ತಕಗಳನ್ನೂ ಅವಳ ಕೈಗಿತ್ತೆ. ಮೊದಲು ‘ವಂಶವೃಕ್ಷ’ವನ್ನೇ ಓದಬೇಕೆಂದೂ ಹೇಳಿದೆ.