ಛಾಯಾಚಿತ್ರವೂ ವಿಸ್ಮೃತಿಯೂ

ಸಂಸ್ಕಾರಮಾತ್ರದಿಂದ ಹುಟ್ಟುವ ಜ್ಞಾನಕ್ಕೆ ಸ್ಮೃತಿಯೆಂದು ನೈಯಾಯಿಕರು ಹೆಸರಿಟ್ಟಿರುವರು. ಸಂಸ್ಕಾರವು ತಾನಾಗಿ ಎಚ್ಚರಗೊಳ್ಳುವುದಿಲ್ಲ. ಸಾದೃಶ್ಯ, ಚಿಂತೆ, ಅದೃಷ್ಟ ಮೊದಲಾದ ಉದ್ಬೋಧಕಗಳಲ್ಲಿ ಯಾವುದಾದರೊಂದು ಅದನ್ನು ಎಬ್ಬಿಸಬೇಕು. ಛಾಯಾಚಿತ್ರವು ಸಾದೃಶ್ಯದ ಪರಮಾವಧಿಯಾದುದರಿಂದ ಉದ್ಬೋಧಕಗಳಲ್ಲೆಲ್ಲ ಅದೇ ಬಲಿಷ್ಠವೆಂದು ತೋರುವುದು ಸಹಜ. ಅರಳುಮರಳಾದ ಹಿರಿಯರ ಮುಂದೆ ಹಳೆಯ ಪಟಗಳನ್ನು ಹರಡುವ ಬಂಧುಗಳ ನಂಬಿಕೆಯೂ ಇದೇ. ಆದರೆ ಉದ್ಬೋಧಕವು ಇದ್ದುದನ್ನು ಎಬ್ಬಿಸೀತೇ ಹೊರತು ಇಲ್ಲದುದನ್ನು ಸೃಜಿಸಲಾರದು. ಫಿಲಿಪ್ ಟೊಲೆಡಾನೊ ಎಂಬ ಛಾಯಾಗ್ರಾಹಕನ ‘ಡೇಸ್ ವಿತ್ ಮೈ ಫಾದರ್’ (2010) ಎಂಬ ಚಿತ್ರಗ್ರಂಥದ ಗುಣದೋಷಗಳು ಈ ದೃಷ್ಟಿಯಿಂದ ನೋಡಿದಲ್ಲಿ ವಿಶದವಾಗುವುವು.

ವಸ್ತು ಸಣ್ಣದು. 2006ರಲ್ಲಿ ಗ್ರಂಥಕರ್ತನ ತಾಯಿ ಅಕಸ್ಮಾತ್ತಾಗಿ ತೀರಿಕೊಂಡಳು. ತೊಂಬತ್ತು ದಾಟಿದ ತಂದೆಗೆ ಸದ್ಯದ ಸಂಗತಿಗಳು ನೆನಪಿನಲ್ಲಿ ನಿಲ್ಲವು. ಹೆಂಡತಿ ಎಲ್ಲಿ ಎಂದು ಆತನು ಕೇಳುವನು; ಸತ್ತಳೆಂದರೆ ಸುದ್ದಿಯು ಪ್ರತಿಸಲವೂ ಹೊಸದು, ದುಃಖವೂ ಹೊಸದು. ಕೊನೆಗೆ ಮಗನು, ಅಸ್ವಸ್ಥನಾದ ಸೋದರನ ಆರೈಕೆಗಾಗಿ ಆಕೆ ಪ್ಯಾರಿಸಿಗೆ ಹೋಗಿರುವಳೆಂದು ಹೇಳತೊಡಗಿದನು. ಇಲ್ಲಿ ಗಮನಿಸತಕ್ಕುದೊಂದುಂಟು. ಹಳೆಯ ಸಂಸ್ಕಾರವು ಅಳಿದಿಲ್ಲ. ಮುದುಕನು ಹೆಂಡತಿಯನ್ನು ಬಲ್ಲನು, ಅವಳ ಮರಣವನ್ನಷ್ಟೆ ಅರಿಯನು. ಇಂಥವನಿಗೆ ಆಕೆಯ ಪಟವನ್ನು ತೋರಿಸಿದರೆ ಅದು ಅರ್ಧವನ್ನೇ ಎಬ್ಬಿಸಿ, ಉತ್ತರವಿಲ್ಲದ ಪ್ರಶ್ನೆಯನ್ನು ಮತ್ತೆ ಹುಟ್ಟಿಸಬೇಕು.

ಶಾಕುಂತಲದ ಆರನೆಯ ಅಂಕವು ಇಲ್ಲಿ ಸ್ಮರಣಾರ್ಹ. ದುಷ್ಯಂತನ ಮರೆವು ಶಾಪದಿಂದ ಬಂದುದು. ಸಂಸ್ಕಾರವು ಮುಚ್ಚಿತ್ತು, ನಶಿಸಿರಲಿಲ್ಲ. ಆದಕಾರಣವೇ ಉಂಗುರವನ್ನು ಕಂಡೊಡನೆ ಸಕಲವೂ ಮರಳಿತು. ಬಳಿಕ ತಾನೇ ಬರೆದ ಚಿತ್ರಪಟದೆದುರು ಮೈಮರೆತ ರಾಜನು ಅದರೊಳಗಿನ ದುಂಬಿಯನ್ನು ನಿಜವೆಂದು ಬಗೆದು ಗದರಿಸುವನು. ಇದು ಚಿತ್ರವೆಂದು ವಿದೂಷಕನು ಎಚ್ಚರಿಸಲು, ಎದುರಿಗಿದ್ದ ಪ್ರಿಯೆ ಪುನಃ ಚಿತ್ರವಾಗಿಬಿಟ್ಟಳೆಂದು ಕಣ್ಣೀರಿಡುವನು. ಆ ಗಳಿಗೆಯಲ್ಲಿ ಅವನನ್ನು ನೋಯಿಸಿದುದು ಮರೆವಲ್ಲ, ಎಚ್ಚರಿಸಿದ ಮಾತು. ಟೊಲೆಡಾನೊ ಆ ವಿದೂಷಕನ ಎಡೆಯಲ್ಲಿ ನಿಂತು ಬಾಯಿ ಮುಚ್ಚಿಕೊಂಡವನು. ಇದನ್ನು ಅನೃತವೆಂದು ಖಂಡಿಸುವವರುಂಟು. ಕೇಳಿದವನಲ್ಲಿ ನೆಲಸಲಾರದ ಸತ್ಯವನ್ನು ದಿನವೂ ನುಡಿದರೆ ಆಗುವುದು ಬೋಧೆಯಲ್ಲ, ಬರಿಯ ಪ್ರಹಾರ.

ಗ್ರಂಥದ ಮೇಲೆ ಹೊರಿಸಬಹುದಾದ ನಿಜವಾದ ಆಕ್ಷೇಪವು ಬೇರೆಯದು. ಈ ಚಿತ್ರಗಳು ಯಾರ ಸಂಸ್ಕಾರಕ್ಕೆ ಉದ್ಬೋಧಕಗಳು? ಮಗನದಕ್ಕೆ. ಹೆಸರಿನಲ್ಲಿ ತಂದೆಯೊಡನೆ ಕಳೆದ ದಿನಗಳೆಂದಿದ್ದರೂ, ಆ ದಿನಗಳು ಉಳಿದದ್ದು ಒಬ್ಬನಲ್ಲಿಯೇ. ತಂದೆಯು ಸ್ಮೃತಿಗೆ ವಿಷಯನೇ ಹೊರತು ಆಶ್ರಯನಲ್ಲ. ಬಿಸ್ಕತ್ತುಗಳನ್ನು ಎದೆಗಿಟ್ಟುಕೊಂಡು ವೃದ್ಧನು ವಿನೋದಗೈಯುವ ಚಿತ್ರದಲ್ಲಿ ಈ ವೈಷಮ್ಯವು ನಗೆಯಲ್ಲಿ ಮರೆಯಾಗುವುದು. ಮುಖವನ್ನೇ ತುಂಬಿಕೊಂಡ ಚಿತ್ರಗಳಲ್ಲಿ ಪ್ರೀತಿ ಕಾಣುವುದು, ವಾರ್ಧಕ್ಯ ಕಾಣುವುದು, ವಿಸ್ಮೃತಿಯು ಕಾಣದು. ಅದು ಕಾಣಬೇಕೆಂದು ನಿರೀಕ್ಷಿಸುವುದೂ ತಪ್ಪೇ. ವಿಸ್ಮೃತಿಯು ಅಭಾವ, ಅಭಾವಕ್ಕೆ ರೂಪವಿಲ್ಲ. ಘಟವಿಲ್ಲವೆಂಬುದು ಬರಿದಾದ ನೆಲದಲ್ಲಿ ತಿಳಿಯುವಂತೆ, ಅದು ಯಾವುದಾದರೊಂದು ಅಧಿಕರಣದಲ್ಲಿಯೇ ಗೋಚರಿಸಬೇಕು.

ಅಂಥ ಅಧಿಕರಣವು ಗ್ರಂಥದಲ್ಲಿ ದೊರೆಯುವುದು ತಂದೆಯು ಮನೆಯಲ್ಲೆಲ್ಲ ಬರೆದುಹಾಕಿದ ಕಾಗದದ ಚೂರುಗಳಲ್ಲಿ. ಮಗನಿಂದ ಮುಚ್ಚಿಟ್ಟ ಕಳವಳವೆಲ್ಲ ಅವುಗಳಲ್ಲಿದೆ: ಎಲ್ಲರೂ ಎಲ್ಲಿ ಹೋದರು, ಏನು ನಡೆಯುತ್ತಿದೆ ಎಂಬ ಪ್ರಶ್ನೆಗಳು. ಸಾದೃಶ್ಯವು ಲೇಶವೂ ಇಲ್ಲದ ಈ ಚೂರುಗಳು ಗ್ರಂಥದ ಅತ್ಯುತ್ತಮ ಭಾಗ. ಉಳಿದೆಲ್ಲವೂ ಮಗನ ಕಣ್ಣಿನವು. ಇಲ್ಲಿ ಮಾತ್ರ ತಂದೆಯ ಕೈಬರಹವಿದೆ.